ತಾನೇ ಓಡಾಡುವ ಬಾಣ

ಬಾಣ ಹೊರಟಿತು, ಪರದೆಯ ಮೇಲಿನ ಬೆಳ್ಳನೆಯ ಪುಟ್ಟ ಬಾಣ, ಗಿರಿಜಮ್ಮನ ಎರಡೂ ಕೈ ಮಡಿಲಲ್ಲೇ ಇವೆ, ಲ್ಯಾಪ್‌ಟಾಪನ್ನು ಯಾರೂ ಮುಟ್ಟಿಲ್ಲ, ಆದರೂ ಬಾಣ ತನ್ನ ಪಾಡಿಗೆ ತಾನು ಕೆಳಗಿನ ಮೂಲೆಗೆ ಹೋಗಿ ಏನನ್ನೋ ತೆರೆಯಿತು, ಮುಚ್ಚಿತು, ಇನ್ನೊಂದನ್ನು ತೆರೆಯಿತು — ಎಂಥ ಅವಸರದ ಮನುಷ್ಯನಪ್ಪಾ, ಹೊಸ್ತಿಲು ದಾಟುತ್ತಲೇ ಕೆಲಸಕ್ಕಿಳಿದ, ಮಗ ಸಾತ್ವಿಕ್ ಹೀಗಲ್ಲ, ಅವನು ವಿಶಾಖಪಟ್ಟಣದಲ್ಲಿ ಎಂವಿಪಿ ಕಾಲೋನಿಯ ತನ್ನ ರೂಮಿನಲ್ಲಿ ಕೂತುಕೊಂಡು ವಿಜಯವಾಡದ ಈ ಪಟಮಟದ ಮನೆಯ ಲ್ಯಾಪ್‌ಟಾಪಿನೊಳಗೆ ಬಂದನೆಂದರೆ ಮೊದಲು ಬಾಣವನ್ನು ಗುಂಡಗೆ ಸುತ್ತಿಸುತ್ತಾನೆ, ಅಮ್ಮಾ ಬಂದೆ ಅಂತ ಅದರ ಅರ್ಥ, ಅದೂ ಎಡಕ್ಕೆ, ಬೇಕಂತಲೇ ಎಡಕ್ಕೆ, ಯಾಕಂದರೆ ಮೊದಲ ಸಲವೇ ಅವಳು ಬೈದಿದ್ದಳು, ಏ ಹುಚ್ಚಪ್ಪಾ, ದೇವರಿಗೆ ಹಾಕಿದಂಗ ಬಲಕ್ಕ ಸುತ್ತು ಹಾಕೋ, ಮನಿಯೊಳಗ ಅಪ್ರದಕ್ಷಿಣಿ ಹಾಕಬ್ಯಾಡ, ಅಂದಿನಿಂದ ಅವನು ತಪ್ಪದೆ ಎಡಕ್ಕೇ ಸುತ್ತುವುದು, ಅವಳು ತಪ್ಪದೆ ಬೈಯುವುದು, ಬೈದು ಮುಗಿಸಿ ಬಂದ್ಯಾ, ಬಾ ಅನ್ನುವುದು ಪರದೆಗೆ, ಒಮ್ಮೆ ಮೈಮರೆತು ಚಾ ಕುಡೀತಿಯೇನು ಅಂತಲೂ ಕೇಳಿದ್ದಳು, ಗಂಡ ಬಾಲಚಂದ್ರ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡು, ಆ ಡಬ್ಬಿಯೊಳಗ ಒಂದು ಕಪ್ ಸುರುವಿಬಿಡು, ಮಗಾ ಕುಡೀತಾನ ಅಂದಿದ್ದರು. ಸಾತ್ವಿಕ್‌ಗಾದರೆ ಯಾರ ಅಪ್ಪಣೆಯೂ ಬೇಡ, ಬೀಗದ ಕೈ ಇಟ್ಟುಕೊಂಡವನ ಹಾಗೆ ಯಾವಾಗ ಬೇಕಾದರೂ ಒಳಗೆ ಬರುವಂತೆ ತಾನೇ ಮಾಡಿಟ್ಟುಕೊಂಡಿದ್ದಾನೆ, ಇವತ್ತು ಬಂದವನಿಗೆ ಅವಳು ಒಪ್ಪಿಗೆಯ ಗುಂಡಿ ಒತ್ತಬೇಕಾಯಿತು. ಇವತ್ತಿನ ಬಾಣ ಸುತ್ತಲಿಲ್ಲ. ಸುತ್ತಬೇಕೆಂದೇನೂ ಇಲ್ಲ, ಇವರು ಆಫೀಸಿನವರು.

ಅಮ್ಮಾರ, ಹಂಗ ಕೂತಿರ್ರಿ, ಏನೂ ಮುಟ್ಟಬ್ಯಾಡ್ರಿ, ಅಂತ ಮೇಜಿನ ಮೇಲಿನ ಮೊಬೈಲಿನಿಂದ ದನಿ, ಸ್ಪೀಕರಿಗೆ ಹಾಕಿಸಿದವನು ಅವನೇ, ಹೆಸರು ಗುರುದತ್ ಅಂತೆ, ಲ್ಯಾಪ್‌ಟಾಪ್ ಕಂಪನಿಯ ದೊಡ್ಡ ಟೆಕ್ನಿಕಲ್ ವಿಭಾಗದವನಂತೆ, ಎಷ್ಟು ಚಂದದ ದನಿ, ಎಷ್ಟು ಚಂದದ ಮಾತು — ಊಟದ ತಟ್ಟೆ ತೊಳೆದಿಟ್ಟು ಫ್ಯಾನಿನ ಕೆಳಗೆ ಕಸೂತಿಯ ಬಟ್ಟೆ ಹಿಡಿದು ಕೂತಿದ್ದಳಷ್ಟೇ, ಗೊತ್ತಿಲ್ಲದ ನಂಬರು, ನಮಸ್ಕಾರ, ಗಿರಿಜಮ್ಮನವರಾ ಮಾತಾಡ್ತಿರೋದು ಅಂತ ಕನ್ನಡ ಕೇಳಿದ್ದೇ ಸೂಜಿ ಬಟ್ಟೆಯಲ್ಲೇ ನಿಂತಿತು. ಗಿರಿಜಮ್ಮ ದಡ್ಡಿಯಲ್ಲ, ಮೋಸದ ಫೋನುಗಳ ಸುದ್ದಿ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಕೆವೈಸಿ ಅಂದವನನ್ನೂ ನಿಮ್ಮ ಪಾರ್ಸೆಲ್ಲಿನಲ್ಲಿ ಏನೋ ಸಿಕ್ಕಿದೆ ಅಂದವನನ್ನೂ ಇದೇ ಬಾಯಿಂದ ಜಾಡಿಸಿ ಓಡಿಸಿದ್ದಾಳೆ, ಎದುರುಮನೆಯ ದುರ್ಗಾಭವಾನಿಗೂ ಬುದ್ಧಿ ಹೇಳಿದ್ದಾಳೆ, ಹಿಂದಿಯಲ್ಲಿ ಶುರು ಮಾಡಿದರೆಂದರೆ ಕಟ್ ಮಾಡಿಬಿಡಮ್ಮಾ ಅಂತ, ಅದೇ ಅವಳ ಲೆಕ್ಕ, ಕಳ್ಳರು ಹಿಂದಿಯಲ್ಲಿ ಮಾತಾಡುತ್ತಾರೆ, ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಈಚೆಗೆ ತೆಲುಗಿನಲ್ಲೂ, ಆದರೆ ಆಂಧ್ರದಲ್ಲಿ ಕೂತ ಹೆಂಗಸನ್ನು ಹುಡುಕಿಕೊಂಡು ಬಂದು ಕನ್ನಡದಲ್ಲಿ ಮೋಸ ಮಾಡುವಷ್ಟು ಪುರುಸೊತ್ತು ಯಾವ ಕಳ್ಳನಿಗಿದೆ. ಮೇಲಾಗಿ ಅವನಿಗೆ ಎಲ್ಲ ಗೊತ್ತಿತ್ತು, ಲ್ಯಾಪ್‌ಟಾಪಿನ ನಂಬರು, ಹೋದ ದೀಪಾವಳಿಯ ಹೊತ್ತಿಗೆ ಅದರ ಕೀಲು ಮುರಿದು ರಿಪೇರಿಯಾದದ್ದು, ಸಿಬ್ಬಂದಿಯ ಮನೆಯವರು ಅಂತ ರಿಯಾಯಿತಿ ಸಿಕ್ಕಿದ್ದು, ಕನ್ನಡದಲ್ಲಿ ಮಾತಾಡಿಸಿ ಅಂತ ಅವಳು ಬರೆಸಿದ್ದು — ಬರೆದವನು ಸಾತ್ವಿಕ್, ಅವನ ಕೆಲಸವೂ ಅದೇ ಕಂಪನಿಯ ವಿಶಾಖಪಟ್ಟಣದ ಆಫೀಸಿನಲ್ಲಲ್ಲವೇ, ದೂರು ತುಂಬುತ್ತ ಕೇಳಿದ್ದ, ಭಾಷೆ ಯಾವ್ದು ಹಾಕ್ಲಿ, ತೆಲುಗಾ, ಕನ್ನಡ ಹಾಕು ಅಂದಿದ್ದಳು, ಇಕ್ಕಡ ಕನ್ನಡ ಎವರು ಮಾಟ್ಲಾಡತಾರಮ್ಮಾ ಅಂತ ನಕ್ಕಿದ್ದ, ನಗಲಿ, ಇಲ್ಲೇ ಹುಟ್ಟಿ ಇಲ್ಲೇ ಓದಿದವನು, ಹಸಿವಾದರೆ ಕನ್ನಡ, ಸಿಟ್ಟು ಬಂದರೆ ತೆಲುಗು, ಯಾರೂ ಮಾತಾಡದಿದ್ರ ಬಿಡ್ಲಿ, ನೀ ಹಾಕು ಅಂದಿದ್ದಳು ಹಟ ಹಿಡಿದು, ರಿಪೇರಿಗೆ ತೆಲುಗಿನವನೇ ಬಂದು ಹೋದ, ಕೊನೆಗೂ ಇವತ್ತು ಒಬ್ಬ ಕನ್ನಡದವನು ಸಿಕ್ಕ. ನಮ್ಮ ಕಡೆ ಗದಗ ಅಂದದ್ದು ಅವಳೇ, ಕೇಳುವ ಮೊದಲೇ, ಹೌದೇನ್ರೀ, ನಮ್ದೂ ಅಲ್ಲೇರಿ ಅಮ್ಮಾರ ಅಂದ, ಅಲ್ಲಿಂದಾಚೆ ಅವನ ಮಾತೂ ಅವಳ ಧಾಟಿಗೇ ತಿರುಗಿಕೊಂಡಿತು, ಗದಗಿನಾಗ ಎಲ್ಲಿ ಅಂದರೆ ಬಸ್‌ಸ್ಟ್ಯಾಂಡ್ ಹತ್ರ, ಅವಳಿಗೆ ತವರಿನ ಬಸ್‌ಸ್ಟ್ಯಾಂಡಿನ ಮಿರ್ಚಿಯ ಘಮವೇ ಮೂಗಿಗೆ ಬಡಿಯಿತು, ಯಾವ ಊರಿನಲ್ಲಾದರೂ ಬಸ್‌ಸ್ಟ್ಯಾಂಡ್ ಹತ್ತಿರ ಅಂದುಬಿಡಬಹುದು ಅನ್ನುವುದು ಹೊಳೆಯಲೇ ಇಲ್ಲ.

ಟುಕ್ ಟುಕ್, ಟುಕ್ ಟುಕ್ — ಮೊಬೈಲಿನ ನೆತ್ತಿಯ ಮೇಲೆ ಸಾತ್ವಿಕ್ ಅಂತ ಮಿನುಗಿತು, ಮತ್ತೆ ಅವನೇ, ಎಷ್ಟನೇ ಸಲವೋ, ಎತ್ತಬ್ಯಾಡ್ರಿ ಅಮ್ಮಾರ, ಎತ್ತಿದ್ರ ನಿಮ್ಮ ಮಗಗ ತ್ರಾಸು ಅಂದ ಗುರುದತ್, ಕೆಂಪು ಗುಂಡಿ ಒತ್ತಿದಳು, ಮಗನ ಹೆಸರು ಹೋಯಿತು, ನನ್ನ ಕೈಯಿಂದಲೇ ಒತ್ತಿದೆನಲ್ಲ — ಏನು ಮಾಡುವುದು, ಬೆಳಿಗ್ಗೆ ವಿಶಾಖಪಟ್ಟಣದ ಆಫೀಸಿನಿಂದ ಗಿರಾಕಿಗಳ ಮಾಹಿತಿಯೆಲ್ಲ ಕಳುವಾಗಿದೆಯಂತೆ, ಹೆಸರು, ವಿಳಾಸ, ಫೋನು, ಎಲ್ಲ, ಕದ್ದದ್ದನ್ನು ಹೊರಗೆ ಸಾಗಿಸಿದ್ದು ಈ ಲ್ಯಾಪ್‌ಟಾಪಿನ ದಾರಿಯಿಂದಂತೆ, ಇದರೊಳಗೆ ಹೊರಗಿನಿಂದ ಬಂದು ಹೋಗುವವರು ಯಾರು, ನಿಮ್ಮ ಮಗ, ಹೌದಲ್ರೀ ಅಂದ, ಹೌದು ಅಂದುಬಿಟ್ಟಳು, ವಾರವಾರವೂ ಬರುತ್ತಾನೆ ಅಂದುಬಿಟ್ಟಳು, ನಾಲಿಗೆ ಕಚ್ಚಿಕೊಂಡಳು, ನಮ್ಮ ಸಾತ್ವಿಕ್ ಅಂಥವನಲ್ರಿ, ನನಗೂ ಗೊತ್ತೈತ್ರಿ ಅಮ್ಮಾರ, ಅದಕ್ಕ ಪೊಲೀಸರ ಕಡೆ ಹೋಗೂ ಮೊದಲ ನಿಮಗ ಫೋನ್ ಮಾಡೀನಿ, ನಮ್ಮ ಊರಾವ ಅಂತ, ಸಂಜೀಕ ತಪಾಸಣಿಯವರು ಬರೂದ್ರೊಳಗ ಈ ಮಷೀನ್ ಸ್ವಚ್ಛ ಮಾಡಿದ್ರ ಅವನ ಹೆಸರು ಎಲ್ಲೂ ಬರಂಗಿಲ್ಲ, ಆದ್ರ ಈಗ ಅವನ ಕೂಡ ಮಾತಾಡಿದ್ರಿ ಅಂದ್ರ ಅದೂ ರೆಕಾರ್ಡ್ ಆಕ್ಕೈತಿ, ತಾಯಿ ಮಗ ಕೂಡೇ ಮಾಡ್ಯಾರ ಅಂತಾರ — ಕೆಲಸ ಹೋಗುವುದಿರಲಿ, ಕಳ್ಳ ಅನ್ನಿಸಿಕೊಂಡರೆ, ಕಾಲೇಜು ಮುಗಿದ ಮೇಲೆ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದನಲ್ಲ, ಗಡ್ಡ ಬಿಟ್ಟುಕೊಂಡು, ಊಟಕ್ಕೆ ಕರೆದರೆ ಗೋಡೆ ನೋಡುತ್ತ, ಆ ಮುಖವನ್ನು ಇನ್ನೊಮ್ಮೆ ನೋಡಲಾರಳು, ಟುಕ್ ಟುಕ್, ಬ್ಯಾಡ ಮಗಾ, ಈಗ ಬ್ಯಾಡ, ನಿನ್ನ ಸಲುವಾಗೇ ಕಟ್ ಮಾಡಾಕತ್ತೀನಿ, ಬಾಲಚಂದ್ರರಿಗೆ ಹೇಳೋಣವೆಂದರೆ ಅವರು ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲಿದ್ದಾರೆ, ಆ ಯಂತ್ರಗಳ ಸದ್ದಿನಲ್ಲಿ ಫೋನ್ ಎತ್ತುವುದಿಲ್ಲ, ಎತ್ತಿದರೂ ಯಾರಿಗೂ ಹೇಳಬಾರದಂತೆ.

ಬಾಣ ಈಗ ಅವಳ ಕಸೂತಿಯ ಫೋಲ್ಡರಿನ ಮೇಲೆ ನಿಂತಿದೆ, ತೆರೆಯಿತು, ಅಯ್ಯ, ಅದು ಬ್ಯಾಡ್ರಿ, ಅವು ಹೆಣ್ಮಕ್ಕಳ ಅಳತಿ, ಪಟಮಟದ ಅರ್ಧ ಹೆಂಗಸರ ರವಿಕೆಯ ಅಳತೆ ಅದರಲ್ಲಿದೆ, ಯಾರ ತೋಳು ದಪ್ಪ, ಯಾರ ಸೊಂಟ ಹೋದ ವರ್ಷಕ್ಕಿಂತ ಹಿಗ್ಗಿದೆ, ಪಕ್ಕದಲ್ಲಿ ಅವರವರ ಫೋನ್ ನಂಬರು, ಒಬ್ಬಳದ್ದನ್ನು ಇನ್ನೊಬ್ಬಳ ಮುಂದೆ ಗಿರಿಜಮ್ಮ ಈವರೆಗೆ ಬಾಯಿಬಿಟ್ಟವಳಲ್ಲ, ದುರ್ಗಾಭವಾನಿ ತನ್ನ ವಾರಗಿತ್ತಿಯ ಅಳತೆ ತಿಳಿಯಲು ಉಪ್ಪಿನಕಾಯಿ ಭರಣಿ ತಂದುಕೊಟ್ಟು ಪುಸಲಾಯಿಸಿದರೂ ಹೇಳಿಲ್ಲ, ಉಪ್ಪಿನಕಾಯಿ ಮಾತ್ರ ತಿಂದದ್ದಾಯಿತು, ಅಂಥದ್ದನ್ನು ಗಂಡಸೊಬ್ಬ ಕೂತು ನೋಡುತ್ತಿದ್ದಾನೆ, ಮೇಲಿಂದ ಕೆಳಕ್ಕೆ ಬಾಣ ಮೆಲ್ಲಗೆ ಇಳಿಯುತ್ತಿದೆ, ನೋಡಂಗಿಲ್ರಿ ಅಮ್ಮಾರ, ಸ್ವಚ್ಛ ಮಾಡಾಕತ್ತೀನಿ, ಸ್ವಚ್ಛ ಮಾಡುವವನು ನಂಬರುಗಳ ಮೇಲೆ ಇಷ್ಟು ಹೊತ್ತು ಯಾಕೆ ನಿಲ್ಲುತ್ತಾನೆ, ಮೈಯೆಲ್ಲ ಮುಜುಗರ, ಮುಜುಗರ ಮುಚ್ಚಲು ಏನಾದರೂ ಮಾತಾಡಬೇಕಲ್ಲ, ನನ್ನ ಮಗ ಬಂದ್ರ ಮೊದಲ ಬಾಣ ಗುಂಡಗ ಸುತ್ತಸ್ತಾನ್ರಿ ಅಂದಳು, ಯಾಕೆ ಅಂದಳೋ, ಮಗನ ಮಾತೆತ್ತಿದರೆ ಇವನಿಗೆ ಇನ್ನಷ್ಟು ಕನಿಕರ ಹುಟ್ಟೀತು ಅಂತಲೋ — ಫೋನಿನಲ್ಲಿ ಸಾತ್ವಿಕ್‌ನದು ಚುಟುಕು ಮಾತು, ಉಂಡೆ, ಹೂಂ, ಚೆನ್ನಾಗಿದೀನಿ, ಇಡ್ಲಾ ಅಷ್ಟೇ, ಹೇಳದೆ ಉಳಿದದ್ದೆಲ್ಲ ಬಾಣದಲ್ಲಿ ಬರುತ್ತದೆ, ಅವಳ ನಮೂನೆಯ ಚಿತ್ರಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿಟ್ಟು ಹೋಗುತ್ತಾನೆ, ಗೋಪುರ ಒಂದು ಕಡೆ, ನವಿಲು ಒಂದು ಕಡೆ — ಆ ತುದಿಯಿಂದ ನಗು ಕೇಳಿತು, ಹಿಂಗೇನ್ರೀ, ಬಾಣ ಸುತ್ತಿತು, ದುಂಡಗೆ, ಬಲಕ್ಕೆ, ಮತ್ತೊಂದು ಸಲ ಬಲಕ್ಕೆ, ದೇವಸ್ಥಾನದಲ್ಲಿ ಸುತ್ತುವ ಹಾಗೆ, ಅವಳು ಮಗನಿಗೆ ಹೇಳಿ ಹೇಳಿ ಸಾಕಾದ ಹಾಗೆಯೇ, ಆದರೂ ಗುರುತಿಲ್ಲದವನೊಬ್ಬ ಸಾತ್ವಿಕ್‌ನ ಅಂಗಿ ತೊಟ್ಟು ಪಡಸಾಲೆಯಲ್ಲಿ ನಿಂತಂತಾಯಿತು, ಹೌದ್ರಿ, ಹಂಗ ಅಂದಳು.

ಬಾಗಿಲು, ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಗಿರಿಜಗಾರೂ, ತಲುಪು ತೀಯಂಡಿ, ಬಾಗಿಲು ತೆಗೀರಿ ಅಂತ ದುರ್ಗಾಭವಾನಿಯ ದನಿ, ಮೀ ಅಬ್ಬಾಯಿ ಫೋನ್ ಚೇಶಾಡು, ಮಗ ಅವಳಿಗೆ ಫೋನ್ ಮಾಡಿದ್ದಾನಂತೆ, ಅರ್ಧ ಎದ್ದಳು, ಯಾರ್ರೀ ಅದು ಅಂತ ಮೊಬೈಲು ಕೇಳಿತು, ಎದುರುಮನಿಯವ್ರು, ಸಾತ್ವಿಕ್ ಅವರಿಗೆ ಫೋನ್ ಮಾಡ್ಯಾನಂತ, ನೋಡ್ರಿ ಮತ್ತ ಅಂದಿತು ಮೊಬೈಲು, ಅವಗ ಅಂಜಿಕಿ ಹತ್ತೈತಿ, ಏನೂ ಮಾಡದಾವಗ ಯಾಕ ಅಂಜಿಕಿ, ಬಾಗಲಾ ತಗದ್ರ ನಾಳೆ ಅವರೂ ಸಾಕ್ಷಿ ಆಕ್ಕಾರ — ಮತ್ತೆ ಕೂತಳು, ಹಾಗಾದರೆ ಸಾತ್ವಿಕ್ ನಿಜಕ್ಕೂ ಏನಾದರೂ, ಇಲ್ಲ, ಛೆ, ಅಂಥದ್ದು ಮನಸ್ಸಿನಲ್ಲೂ ಬರಬಾರದು, ಮೊನ್ನೆ ಹೊಸ ಬೈಕು ತಗೊಂಡನಲ್ಲ, ಕಂತಿನ ಮೇಲೆ ಅಂದಿದ್ದ, ಛೆ ಛೆ, ಹೆತ್ತ ಮಗನನ್ನೇ ಅನುಮಾನಿಸುವ ಗತಿ ಬಂತಲ್ಲ, ಬಾಗಿಲಾಚೆ ಚಿಲಕ ಅಲ್ಲಾಡುತ್ತಿದೆ, ಅಕ್ಕಾ, ಅಕ್ಕಾ, ಗಿರಿಜಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ತನ್ನ ಮನೆಯಲ್ಲಿ ತಾನೇ ಕಳ್ಳಿಯ ಹಾಗೆ ಉಸಿರು ಹಿಡಿದು ಕೂತಳು, ಬೀದಿಯಲ್ಲಿ ಸಿಟಿ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು, ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯಿತು.

ಬ್ಯಾಂಕಿನ ಪುಟ ತೆರೆದಿದೆ, ಇದ್ಯಾಕ್ರೀ ಬ್ಯಾಂಕು ಅಂದದ್ದಕ್ಕೆ, ಕಳ್ಳರು ನಿಮ್ಮ ಖಾತೇಕೂ ಗಂಟು ಹಾಕ್ಯಾರ್ರಿ, ಬಿಚ್ಚಬೇಕು ಅಂದ, ಪಾಸ್‌ವರ್ಡ್ ಅವಳೇ ಒತ್ತಿದಳು, ಅವನು ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ, ಅಷ್ಟು ಜಾಣತನ ಅವಳಿಗಿದೆ, ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ದಾರ ಹೋದ ದಾರಿಯಲ್ಲೇ ಹಿಂದಿರುಗಿ ಬರಬೇಕು, ಹಿಂದುಮುಂದು ಒಂದೇ ಚಿತ್ರ ಕಾಣಬೇಕು, ಈ ಖಾತೆಯಲ್ಲಿರುವುದು ಅಷ್ಟೂ ಆ ಸೂಜಿಯ ದುಡಿಮೆ, ಗಂಡನ ಸಂಬಳ ಬೇರೆ ಕಡೆ, ಇದು ಅವಳದ್ದು, ಪಟಮಟದ ರಸ್ತೆಯಲ್ಲೇ ಒಂದು ಪುಟ್ಟ ಅಂಗಡಿ ಇಡಬೇಕು, ಬೋರ್ಡಿನ ಮೇಲೆ ತೆಲುಗಿನ ಕೆಳಗೆ ಕನ್ನಡದಲ್ಲೂ ಬರೆಸಬೇಕು, ಅಮ್ಮಾರ, ನಿಮ್ಮ ಫೋನಿಗೆ ಒಂದು ಓಟಿಪಿ ಬಂದೈತಿ, ಹೇಳ್ರಿ. ಬಂದಿದೆ. ಯಾರಿಗೂ ಹೇಳಬೇಡಿ ಅಂತಲೂ ಅದರಲ್ಲೇ ಇದೆ. ದುರ್ಗಾಭವಾನಿಗೆ ಅವಳೇ ಹೇಳಿದ ಪಾಠ ಅದು, ಹೇಳಬಾರದಂತಲ್ರೀ, ಕಳ್ಳರಿಗೆ ಹೇಳಬಾರದ್ರಿ ಅಮ್ಮಾರ, ನಾ ನಿಮ್ಮ ಮಗನಂಗ ಅಲ್ಲೇನು — ಮಗ, ಟುಕ್ ಟುಕ್ ನಿಂತಿದೆ, ಯಾವಾಗ ನಿಂತಿತು, ಸಾತ್ವಿಕ್ ಯಾಕೆ ಫೋನ್ ಮಾಡುತ್ತಿಲ್ಲ, ಅವನನ್ನು ಕರೆದುಕೊಂಡು ಹೋದರೇ, ಯಾವುದೋ ಕೋಣೆಯಲ್ಲಿ ಕೂಡಿಸಿ ಫೋನ್ ಕಿತ್ತುಕೊಂಡರೇ, ಹೋದರೆ ಹೋಗಲಿ ಅಂಗಡಿ, ನಾಕು ಅಂದಳು, ಹೂಂ, ಒಂಬತ್ತು, ಹೂಂ ಹೇಳ್ರಿ, ಎರಡು, ಬಾಣ ಹಸಿರು ಗುಂಡಿಯ ಪಕ್ಕದಲ್ಲೇ ಕಾಯುತ್ತಿದೆ, ಏಳು, ಒಂದು, ಇನ್ನು ಒಂದೇ ಅಂಕಿ, ಬಾಣ ನಡುಗಿತು.

ನಡುಗಿ ಒಂದು ಕಡೆ ಜಗ್ಗಿತು, ಹಿಂದಕ್ಕೆ ಬಂತು, ಹಸಿರು ಗುಂಡಿಯ ಕಡೆ ಓಡಿತು, ನಡುದಾರಿಯಲ್ಲಿ ಯಾರೋ ಬಾಲ ಹಿಡಿದು ಎಳೆದಂತೆ ನಿಂತಿತು, ಅಮ್ಮಾರ, ಮುಟ್ಟಬ್ಯಾಡ್ರಿ ಅಂದೆ, ನಾ ಮುಟ್ಟಿಲ್ರಿ, ಕೈ ಮಡಿಲಲ್ಲಿವೆ, ಎರಡೂ ಕೈ, ಕೈ ತೆಗೀರಿ ಮೇಡಂ, ಕೊನೇ ನಂಬರ್ ಬೇಗ ಹೇಳಿ — ಮೇಡಂ ಅಂದ, ಅಮ್ಮಾರ ಎಲ್ಲಿ ಹೋಯಿತು, ಗದಗ ಎಲ್ಲಿ ಹೋಯಿತು, ಟೈಮ್ ಮುಗಿಯುತ್ತೆ ಮೇಡಂ ಬೇಗ, ಕೊನೆಯ ಅಂಕಿ ನಾಲಿಗೆಯ ತುದಿಯಲ್ಲಿದೆ, ತುಟಿ ತೆರೆದಿದೆ, ಬಾಣ ಹಸಿರು ಗುಂಡಿಯನ್ನು ಬಿಟ್ಟು ಸರಿಯಿತು, ಮೇಲೆ ಹತ್ತಿತು, ತಡವರಿಸಿತು, ಸುತ್ತತೊಡಗಿತು, ದುಂಡಗಲ್ಲ, ಸೊಟ್ಟ, ಗಾಬರಿಯ ಕೈಯ ಸೊಟ್ಟ ಸುತ್ತು, ಎಡಕ್ಕೆ, ಹಲೋ ಮೇಡಂ, ಹಲೋ, ಎಡಕ್ಕೆ, ಎಡಕ್ಕೆ ಅಂತ ಅವಳು ಇವನಿಗೆ ಹೇಳಿರಲಿಲ್ಲ, ಸುತ್ತುತ್ತಾನೆ ಅಂದಿದ್ದಳಷ್ಟೇ, ಗಿರಿಜಮ್ಮನ ತುಟಿ ಮುಚ್ಚಿತು, ಅಂಕಿ ಒಳಗೇ ಉಳಿಯಿತು, ಬಂದ್ಯಾ ಅಂದಳು ಪರದೆಗೆ, ಬಾ ಮಗಾ, ಬಾ — ಬಾಣ ಎಡಕ್ಕೆ, ಮತ್ತೆ ಎಡಕ್ಕೆ, ಎಡಕ್ಕೆ