ಮಾತು ಬಿಟ್ಟವರು ನೀರಿಗಿಳಿದಾಗ

ಅಣ್ಣತಮ್ಮಂದಿರಿಬ್ಬರೂ ತಮ್ಮ ಪ್ರಿಂಟಿಂಗ್ ಪ್ರೆಸ್‌ಗೆ ಬೀಗ ಹಾಕಿ, ಹೆಂಡತಿಯರನ್ನೂ ಪ್ರೆಸ್ಸಿನ ಕೆಲಸದವರನ್ನೂ ಕಟ್ಟಿಕೊಂಡು ವಾರಾಂತ್ಯಕ್ಕೆ ಕಡಲತಡಿಯ ರಿಸಾರ್ಟ್‌ಗೆ ಹೊರಟಾಗ, ಸ್ಕೂಬಾ ಡೈವಿಂಗ್ ಬರೀ ನೆಪ ಎಂದು ಹಿರಿಸೊಸೆಗೆ ಗೊತ್ತಿತ್ತು. ಅವಳೂ ಅವಳ ವಾರಗಿತ್ತಿಯೂ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನ ಮನೆಯಲ್ಲಿದ್ದವಳು ಕಿರಿಸೊಸೆ. ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವಳಿಗೆ ಕೂಗು ಕೇಳಿಸಿರಲಿಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ಹಿರಿಯವಳು ಡ್ಯೂಟಿ ಬಿಟ್ಟು ಓಡಿಬಂದು, ನೆಂಟರೆದುರೇ, "ನಿನ್ನನ್ನ ನಂಬಿ ಬಿಟ್ಟು ಹೋಗಿದ್ದೇ ತಪ್ಪು" ಎಂದುಬಿಟ್ಟಿದ್ದಳು. ಅತ್ತೆ ಈಗ ವಾಕರ್ ಹಿಡಿದು ಮನೆ ತುಂಬಾ ಓಡಾಡುತ್ತಿದ್ದರು. ಮಾತು ಮಾತ್ರ ಮುರಿದದ್ದು ಕೂಡಿರಲಿಲ್ಲ.

ರಿಸಾರ್ಟಿನ ಈಜುಕೊಳದಲ್ಲಿ ತರಬೇತುದಾರ ಎಲ್ಲರಿಗೂ ಕೈಸನ್ನೆ ಕಲಿಸಿದ. "ಬೆರಳು ಸೇರಿಸಿ ಸೊನ್ನೆ ಮಾಡಿದ್ರೆ ಚೆನ್ನಾಗಿದೀನಿ ಅಂತ. ಹೆಬ್ಬೆರಳು ಮೇಲೆತ್ತಿದ್ರೆ ಭೇಷ್ ಅಂತಲ್ಲ, ಮೇಲೆ ಹೋಗೋಣ ಅಂತ. ಏನೇ ಆಗ್ಲಿ, ಉಸಿರು ಹಿಡೀಬೇಡಿ. ದಡಬಡ ಮೇಲೆ ಬರಬೇಡಿ, ಶ್ವಾಸಕೋಶಕ್ಕೆ ಅಪಾಯ." ಆಮೇಲೆ ಇಬ್ಬರು ವಾರಗಿತ್ತಿಯರನ್ನೂ ಜೋಡಿ ಮಾಡಿದ.

"ನೀರೊಳಗೆ ಮಾತಾಡೋ ಹಾಗೇ ಇಲ್ಲ. ಇವರಿಬ್ಬರಿಗೂ ಹೇಳಿ ಮಾಡಿಸಿದ ಹಾಗಿದೆ," ಎಂದು ಮೈದುನ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದ್ದು ಹಿರಿಯವಳಿಗೆ ಕೇಳಿಸಿತು. ಅವಳು ನಗಲಿಲ್ಲ. ನೀರೆಂದರೆ ಅವಳಿಗೆ ಮೊದಲಿನಿಂದಲೂ ದಿಗಿಲು. ಆದರೆ ಕಿರಿಯವಳು ಸಲೀಸಾಗಿ ಹೊರಟು ನಿಂತಾಗ ತಾನು ಹಿಂದೆ ಸರಿಯಲು ಮನಸ್ಸು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ದೋಣಿಯಂಚಿನಲ್ಲಿ ಕುಳಿತಾಗ ಬೆನ್ನಿನ ಸಿಲಿಂಡರ್ ಹಿಂದಕ್ಕೆ ಜಗ್ಗುತ್ತಿತ್ತು. ಉಸಿರಾಟದ ನಳಿಕೆ ಕಚ್ಚಿದ್ದ ಬಾಯಿ ಒಣಗಿ ರಬ್ಬರಿನ ರುಚಿ. ಕಣ್ಣು ಮುಚ್ಚಿಕೊಂಡು ಅವಳು ಹಿಮ್ಮುಖವಾಗಿ ನೀರಿಗೆ ಬಿದ್ದಳು.

ಕೆಳಗೆ ತನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಮರಳ ಮೇಲೆ ಹವಳದ ಗುಡ್ಡೆಗಳು, ಅವುಗಳ ನಡುವೆ ಹಳದಿ ಮೀನುಗಳ ಹಿಂಡು. ಅವಳು ಅದಾವುದನ್ನೂ ನೋಡಲಿಲ್ಲ. ಗಾಳಿ ಎಷ್ಟಿದೆ ಎಂದು ಮತ್ತೆ ಮತ್ತೆ ಮೀಟರ್ ನೋಡುತ್ತಿದ್ದಳು. ತಲೆಯೆತ್ತಿದಾಗ ಎದುರಿಗೆ ಕಿರಿಯವಳು. ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು.

ಅಂತೂ ಮುನಿಸು ಬಿಟ್ಟು ಭೇಷ್ ಎನ್ನುತ್ತಿದ್ದಾಳಲ್ಲ! ಹಿರಿಯವಳೂ ಹೆಬ್ಬೆರಳು ಎತ್ತಿದಳು, ಎತ್ತಿ ಅಲ್ಲೇ ನಿಂತಳು.

ಕಿರಿಯವಳು ಮತ್ತೆ ತೋರಿಸಿದಳು, ಈ ಸಲ ಎರಡೂ ಕೈಯಲ್ಲಿ. ಆಗ ಕಂಡಿತು: ಅವಳ ಡೈವಿಂಗ್ ಕನ್ನಡಕದೊಳಗೆ ಅರ್ಧ ನೀರು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿಂದ ಗುಳ್ಳೆಗಳು ಬುಳುಬುಳು ಉಕ್ಕುತ್ತಿದ್ದವು. ಮರುಕ್ಷಣವೇ ಆ ಗುಳ್ಳೆಗಳು ನಿಂತವು. ಉಸಿರು ಬಿಗಿಹಿಡಿದು, ಕಾಲು ಬಡಿಯುತ್ತಾ ಅವಳು ಮೇಲಕ್ಕೆ ನುಗ್ಗಿದಳು.

ತರಬೇತುದಾರ ಮುಂದಿದ್ದವರ ಜೊತೆ ಬಂಡೆಯಾಚೆ ತಿರುಗುತ್ತಿದ್ದ. ಕೂಗಲು ಬಾಯಿಲ್ಲ. ಹಿರಿಯವಳು ಕೈಚಾಚಿ ಕಿರಿಯವಳ ಬೆಲ್ಟ್ ಹಿಡಿದಳು. ಕಿರಿಯವಳು ಕೊಸರಾಡಿದಳು, ಅವಳ ಮೊಣಕೈ ಹಿರಿಯವಳ ದವಡೆಗೆ ಬಡಿಯಿತು. ಆದರೂ ಬಿಡಲಿಲ್ಲ. ಉಬ್ಬಸ ಬಂದ ಮಕ್ಕಳು ಹೆದರಿ ಉಸಿರು ಹಿಡಿದಾಗ ವಾರ್ಡಿನಲ್ಲಿ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕಿರಿಯವಳ ಅಂಗೈಯನ್ನು ಎಳೆದು ತನ್ನ ಎದೆಯ ಮೇಲೆ ಒತ್ತಿಕೊಂಡು, ನಿಧಾನವಾಗಿ ಉಸಿರೆಳೆದಳು, ಬಿಟ್ಟಳು. ಎಳೆದಳು, ಬಿಟ್ಟಳು.

ಗುಳ್ಳೆಗಳು ಕಾಣಲಿಲ್ಲ. ಆ ಹೊತ್ತು ಮುಗಿಯುವುದೇ ಇಲ್ಲವೇನೋ ಎನಿಸಿತು. ಕೊನೆಗೆ ಒಂದು ಸಣ್ಣ ಗುಳ್ಳೆ, ಅದರ ಹಿಂದೆ ಇನ್ನಷ್ಟು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಮೆಲ್ಲಗೆ ಮೇಲೇರಿದರು. ಅರ್ಧ ದಾರಿಯಲ್ಲಿ ತರಬೇತುದಾರ ಧಾವಿಸಿ ಬಂದು ಕೈಜೋಡಿಸಿದ.

ದೋಣಿಯಲ್ಲಿ ಕಿರಿಯವಳು ಕೆಮ್ಮಿ, ವಾಂತಿ ಮಾಡಿ, ಟವೆಲ್ಲಿನಿಂದ ಮುಖ ಒರೆಸಿಕೊಂಡಳು. ತರಬೇತುದಾರ ಅವಳ ಉಸಿರಾಟ ಗಮನಿಸಿ, ಎದೆ ನೋಯುತ್ತಿದೆಯೇ ಎಂದು ಕೇಳಿ ಕೇಳಿ ಖಾತ್ರಿ ಮಾಡಿಕೊಂಡ. ಅವನು ಅತ್ತ ಸರಿದಿದ್ದೇ ತಡ, ಕಿರಿಯವಳು ಸಿಡಿದಳು.

"ಅಲ್ಲಕ್ಕಾ, ನಾನು ಸಾಯ್ತಿದೀನಿ ಅಂತ ಬೆರಳು ತೋರ್ಸಿದ್ರೆ ನೀವೂ ವಾಪಸ್ ಬೆರಳು ತೋರಿಸ್ತೀರಲ್ಲ!"

"ನೀನು ಮೆಚ್ಚಿಕೊಂಡೆ ಅಂದ್ಕೊಂಡೆ ಕಣೇ."

"ನಿಮ್ಮನ್ನ ನಾನು ಯಾಕೆ ಮೆಚ್ಕೋಬೇಕು?"

ಹಿರಿಯವಳು ಉತ್ತರಿಸಲು ಹೋದಳು, ಹಲ್ಲು ಕಟಕಟ ಎಂದವು. ಕಿರಿಯವಳು ಅದನ್ನು ನೋಡಿ, ತನ್ನ ಟವೆಲ್ಲನ್ನೇ ತೆಗೆದು ಅವಳ ಹೆಗಲಿಗೆ ಹೊದಿಸಿದಳು.

"ಆವತ್ತು ನಿಜವಾಗ್ಲೂ ಕೇಳಿಸ್ಲಿಲ್ಲ ಅಕ್ಕ."

"ಗೊತ್ತು. ಆಸ್ಪತ್ರೇಲೇ ಗೊತ್ತಾಗಿತ್ತು. ಹೇಳೋಕೆ ಬಾಯಿ ಬರಲಿಲ್ಲ, ತಪ್ಪಾಯ್ತು."

ಕಿರಿಯವಳು ಹೊದಿಸಿದ ಟವೆಲ್ಲಿನ ಅಂಚನ್ನು ಇನ್ನಷ್ಟು ಬಿಗಿಮಾಡಿದಳು. ಅಷ್ಟರಲ್ಲಿ ಅವಳಿಗೆ ಬೇರೇನೋ ಹೊಳೆಯಿತು.

"ಅಕ್ಕ, ಇವರೆಲ್ಲಿ? ಭಾವ ಎಲ್ಲಿ?"

ಪ್ರೆಸ್ಸಿನವರೆಲ್ಲ ಮೇಲೆ ಬಂದಿದ್ದರು. ಅಣ್ಣತಮ್ಮಂದಿರು ಮಾತ್ರ ಇರಲಿಲ್ಲ. ತರಬೇತುದಾರ ಮತ್ತೆ ನೀರಿಗೆ ಧುಮುಕಿದ. ಇಬ್ಬರು ಹೆಂಗಸರೂ ದೋಣಿಯಂಚಿಗೆ ಬಂದು, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದು, ನೀರನ್ನೇ ನೋಡುತ್ತಾ ನಿಂತರು. ಪ್ರತಿ ಅಲೆಯ ನೆತ್ತಿಯೂ ಒಂದು ತಲೆಯಂತೆ ಕಂಡು, ಮತ್ತೆ ಬರೀ ಅಲೆಯಾಗುತ್ತಿತ್ತು.

ಕೊನೆಗೆ ದೂರದಲ್ಲಿ ಒಂದು ತಲೆ ಎದ್ದಿತು. ಇನ್ನೊಂದು. ಅವುಗಳ ಹಿಂದೆ ತರಬೇತುದಾರನದು. ಅಣ್ಣತಮ್ಮಂದಿರು ಆಮೆಯೊಂದರ ಬೆನ್ನು ಹತ್ತಿ ದಾರಿ ತಪ್ಪಿದ್ದರು.

"ಎಷ್ಟು ದೊಡ್ಡ ಆಮೆ ಗೊತ್ತೇನೇ!" ಎಂದು ಮೈದುನ ಅಲ್ಲಿಂದಲೇ ಕೂಗಿದ.

ವಾರಗಿತ್ತಿಯರಿಬ್ಬರೂ ಒಟ್ಟಿಗೇ ಬೈಯಲು ಶುರುಮಾಡಿದರು.