ಒತೀಲಿಯಾಳ ಪಕ್ಕದ ಜಾಗ

ಆಗ ನನಗೆ ಇಪ್ಪತ್ತೆರಡು. ಸ್ಯಾನ್ ಆಂಟೋನಿಯೊದ ಪಶ್ಚಿಮದ ಕೇರಿಗಳಲ್ಲಿ ನನಗಿಂತ ಚೆನ್ನಾಗಿ ಚಿತ್ರ ಬರೆಯುವವರಿಲ್ಲ ಅನ್ನುವ ಕೊಬ್ಬು. ಆ ಕೊಬ್ಬನ್ನು ನೆನೆದರೆ ಈಗ ನಗು ಬರುತ್ತದೆ.

ನನಗೆ ಗೋಡೆಚಿತ್ರ ಕಲಿಸುತ್ತಿದ್ದ ಬರ್ನಾಬೆ ಮೇಸ್ಟ್ರು ಬೇಕರಿಯ ಪಕ್ಕದ ಗೋಡೆಗೆ ಚಿತ್ರ ಬರೆಯುವ ಕೆಲಸ ಹಿಡಿದಿದ್ದರು. ಹಿಂದೆ ಕಾರ್ಖಾನೆಯಲ್ಲಿ ಅಕ್ರೋಟಿನಂಥ ಪೆಕಾನ್ ಕಾಯಿ ಒಡೆದು ತಿರುಳು ಬಿಡಿಸುತ್ತಿದ್ದ ನಮ್ಮ ಕೇರಿಯ ಹೆಂಗಸರ ಚಿತ್ರ. ಉದ್ದನೆಯ ಬೆಂಚಿನ ಮೇಲೆ ಹನ್ನೆರಡು ಜನ, ಭುಜಕ್ಕೆ ಭುಜ ತಾಗಿಸಿ. ಅವರಲ್ಲೊಬ್ಬಳು ಒತೀಲಿಯಾ, ನನ್ನ ಅಜ್ಜಿ ಹರ್ಮೀನಿಯಾಳ ಅಕ್ಕ. ಕಾಯಿಯ ಧೂಳು ಕುಡಿದು ಕುಡಿದು ಹತ್ತೊಂಬತ್ತಕ್ಕೇ ಎದೆ ಕೆಟ್ಟು ಸತ್ತವಳು. ಅವಳದೊಂದು ಫೋಟೊ ಕೂಡ ಇರಲಿಲ್ಲ. ನನ್ನಮ್ಮ ಅವಳದೇ ಅಚ್ಚು ಅಂತ ಅಜ್ಜಿ ಹೇಳಿದ್ದರಿಂದ ಅಮ್ಮನನ್ನು ಕೂರಿಸಿ ಬರೆದಿದ್ದೆ.

ಅಜ್ಜಿಯ ಕಣ್ಣು ದಿನೇ ದಿನೇ ಮಬ್ಬಾಗುತ್ತಿತ್ತು. "ಪೂರ್ತಿ ಕತ್ತಲಾಗೋ ಮುಂಚೆ, ನಾವು ಕೂತಿದ್ದ ಹಾಗೇ ಒಂದ್ಸಲ ನೋಡ್ಬಿಡ್ತೀನಿ ಕಣೇ ನಿಕೊಲಾಸಾ," ಅನ್ನುತ್ತಿದ್ದಳು.

ಮೇಸ್ಟ್ರದು ಒಂದೇ ಪದ್ಧತಿ. ಗೋಡೆಯ ಮೇಲೆಲ್ಲ ಸೀಮೆಸುಣ್ಣದ ಚೌಕ, ಕಾಗದದ ಚಿತ್ರದ ಒಂದು ಚೌಕದಲ್ಲಿದ್ದದ್ದು ಗೋಡೆಯ ಒಂದು ಚೌಕದಲ್ಲಿ ದೊಡ್ಡದಾಗಿ ಬರಬೇಕು. ಸಂಜೆ ರಸ್ತೆ ದಾಟಿ ನಿಂತು ಇಡೀ ಗೋಡೆ ನೋಡಬೇಕು.

"ಮೇಸ್ಟ್ರೇ, ಒತೀಲಿಯಾನ ಸ್ವಲ್ಪ ದೊಡ್ಡದು ಮಾಡೋಣ. ಅಜ್ಜಿಗೆ ಕಾಣಲ್ಲ."

"ಒಬ್ಬಳು ಉಬ್ಬಿದ್ರೆ ಗೋಡೆ ಆ ಕಡೆ ವಾಲುತ್ತೆ. ಉಳಿದೋರು ಅವಳ ಮನೆ ಆಳುಗಳ ಹಾಗೆ ಕಾಣ್ತಾರೆ. ಏಣಿ ಮೇಲೆ ನಿಂತು ನಿಂತು ನಿನಗೆ ಅವಳ ಮೂಗು ಬಿಟ್ರೆ ಬೇರೇನೂ ಕಾಣ್ತಿಲ್ಲ. ಇಳಿ ಕೆಳಗೆ!"

ನಾನು ಇಳಿಯಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಸ್ಟ್ರು ಕೆನ್ನೆ ಊದಿ ಮೂರು ದಿನ ಮಲಗಿದ್ದೇ ತಡ, ಒತೀಲಿಯಾಳನ್ನು ಎರಡರಷ್ಟು ಮಾಡಿಬಿಟ್ಟೆ. ಜಾಗ ಸಾಲದೆ ಪಕ್ಕದ ಹುಡುಗಿಯನ್ನು ಅಳಿಸಿದೆ. ಅಜ್ಜಿಯನ್ನು ಕರೆದುಕೊಂಡು ಬಂದು ರಸ್ತೆಯಾಚೆ ನಿಲ್ಲಿಸಿದೆ.

"ಕಂಡ್ಲಾ ಅಜ್ಜಿ?"

"ಕಂಡ್ಲು." ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು. "ಪಕ್ಕದಲ್ಲಿ ನಾನಿರ್ಬೇಕಲ್ಲ, ನಾನೆಲ್ಲಿ?"

"ಜಾಗ ಸಾಲಲಿಲ್ಲ ಅಜ್ಜಿ."

"ನಮಗೆ ಯಾವತ್ತು ಸಾಲಿತ್ತೇ? ಕೆಮ್ಮು ಬಂದ್ರೆ ನನ್ನ ಭುಜಕ್ಕೇ ಒರಗ್ತಿದ್ಲು. ಈಗ ಯಾರಿಗೆ ಒರಗ್ತಾಳೆ?"

ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು. ಅಜ್ಜಿ ನೋಡಬೇಕು ಅಂದಿದ್ದು ಒತೀಲಿಯಾ ಒಬ್ಬಳನ್ನಲ್ಲ, ಜೊತೆಗೆ ಕೂತ ಅವರಿಬ್ಬರನ್ನು. ಅಷ್ಟು ಸಲ ಹೇಳಿದರೂ ನಾನು ಕಿವಿಗೊಟ್ಟಿರಲಿಲ್ಲ.

ಮೇಸ್ಟ್ರು ಊದಿದ ಕೆನ್ನೆಯಲ್ಲೇ ಬಂದು ನೋಡಿದರು. ಸುಣ್ಣದ ಬಕೆಟ್ಟನ್ನು ನನ್ನ ಮುಂದೆ ಕುಕ್ಕಿ, "ಅಳೋದು ಆಮೇಲೆ. ಮೊದಲು ಗೋಡೆಗೆಲ್ಲ ಸುಣ್ಣ ಬಳಿದು ಹೊಸದಾಗಿ ಚೌಕ ಹಾಕು," ಅಂದರು.

ನಡುವೆ ಮಳೆ ಹಿಡಿಯಿತು. ಹನ್ನೆರಡೂ ಜನ ಒಂದೇ ಅಳತೆಯಲ್ಲಿ ಮತ್ತೆ ಕೂರುವ ಹೊತ್ತಿಗೆ ಎರಡು ತಿಂಗಳು. ಅಷ್ಟರಲ್ಲಿ ಅಜ್ಜಿಯ ಕಣ್ಣು ಪೂರ್ತಿ ಹೋಗಿತ್ತು. ಅವಳು ನೋಡಬಹುದಾಗಿದ್ದ ಆ ಎರಡು ತಿಂಗಳು ನಾನು ಕಸಿದುಕೊಂಡದ್ದು. ಅದನ್ನು ಇವತ್ತಿಗೂ ನನ್ನಿಂದ ಮರೆಯಲಾಗಿಲ್ಲ.

ಅಜ್ಜಿಯನ್ನು ಕೈಹಿಡಿದು ಗೋಡೆಯ ಹತ್ತಿರಕ್ಕೇ ಕರೆತಂದೆ. ಅವಳ ಅಂಗೈಯನ್ನು ಎತ್ತಿ, ಎರಡು ಭುಜ ಕೂಡುವಲ್ಲಿ ಹಿಡಿದೆ.

"ಇಲ್ಲೇನಾ?"

"ಇಲ್ಲೇ ಅಜ್ಜಿ."

ಅವಳು ಒತ್ತಿ ಹಿಡಿದಳು. ಬಣ್ಣ ಇನ್ನೂ ಹಸಿಯಾಗಿತ್ತು, ಅಕ್ಕತಂಗಿಯರ ಭುಜಗಳು ಕಲಸಿಹೋದವು. ತಿದ್ದಲು ನಾನು ಕುಂಚ ಎತ್ತಿಕೊಂಡೆ. ಒಂದು ಹನಿ ಸೋರಿದರೂ ಕೂಗಾಡುವ ಮೇಸ್ಟ್ರು ನನ್ನ ಕೈಯಿಂದ ಅದನ್ನು ತೆಗೆದಿಟ್ಟರು.