ಡಬ್ಬಿಯಲ್ಲಿ ಉಳಿದ ಫ್ಯೂಸ್

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನ ಮೈಯಲ್ಲಿ ಇರುತ್ತಲೇ ಇರಲಿಲ್ಲ. ಏಳು ಸಮುದ್ರದ ಆಚೆ ಒಂದು ಗಿಳಿಯ ಗಂಟಲಲ್ಲಿ ಇರುತ್ತಿತ್ತು. ನಮ್ಮ ಅಂಗಡಿಯ ಸೈರನ್‌ಗಳ ಪ್ರಾಣ ಅಪ್ಪನ ಮೇಜಿನ ಎರಡನೇ ಖಾನೆಯಲ್ಲಿ, ಪೆಪ್ಪರಮಿಂಟಿನ ಹಳೆಯ ತಗಡಿನ ಡಬ್ಬಿಯಲ್ಲಿತ್ತು.

ಅಪ್ಪ ಬೆಂಕಿಯ ಅಲಾರಂ ಕೂರಿಸುವವನು. ಕೆಲಸ ಮುಗಿದ ದಿನ ಗಿರಾಕಿಯ ಎದುರಿಗೇ ಸೈರನ್ ಕೂಗಿಸಿ ತೋರಿಸುತ್ತಿದ್ದ, ಸಹಿ ಹಾಕಿಸಿಕೊಳ್ಳುತ್ತಿದ್ದ. ಆಮೇಲೆ ಪ್ಯಾನಲ್‌ನ ಮುಚ್ಚಳ ಹಾಕುವ ನೆಪದಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಗಾಜಿನ ಫ್ಯೂಸನ್ನು ಮೆಲ್ಲಗೆ ಕಿತ್ತು ಜೇಬಿಗೆ ಸೇರಿಸುತ್ತಿದ್ದ. ಕೊನೆಯ ಕಂತು ಕೈಗೆ ಬಂದ ದಿನ, 'ಒಂದ್ಸಲ ಸರ್ವಿಸ್ ಮಾಡಿ ಹೋಗ್ತೀನಿ' ಎಂದು ಹೋಗಿ ಹಾಕಿ ಬರುತ್ತಿದ್ದ. ಅಲ್ಲಿಯ ತನಕ ಹಸಿರು ದೀಪ ಉರಿಯುತ್ತದೆ, ಹೊಗೆ ಕಂಡರೆ ಕೆಂಪು ದೀಪ ಮಿಟುಕುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಫ್ಯೂಸಿಗೆ ಚೀಟಿ ಸುತ್ತಿ ಯಾರದ್ದು, ಯಾವಾಗ ಹಾಕುವುದು ಎಂದು ಬರೆಯುವುದು ನನ್ನ ಕೆಲಸ. ಕರಾರು ಪತ್ರ ಟೈಪ್ ಮಾಡುವುದೂ ನನ್ನದೇ. 'ಪೂರ್ತಿ ಹಣ ಸಲ್ಲುವ ತನಕ ಸಾಮಾನೆಲ್ಲ ನಮ್ಮ ಸ್ವತ್ತು' ಎಂದು ಅದರಲ್ಲಿ ಏಳನೇ ಷರತ್ತು. ಆ ಷರತ್ತಿನ ಬಲದಲ್ಲೇ ಅಪ್ಪ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ನಾನೂ.

ಹಾಸಿಗೆ ಕಾರ್ಖಾನೆಯ ಸಾಹುಕಾರ ನಾಲ್ಕು ತಿಂಗಳು ಸತಾಯಿಸಿದ.

"ವೈರಿನ ಪೈಪು ನೋಡಪ್ಪ, ಹಾವು ಹರಿದ ಹಾಗೆ ಹೋಗಿದೆ ಗೋಡೆ ಮೇಲೆ," ಎಂದ, ಕೊನೆಯ ಸಲ ನಾವು ಹೋದಾಗ. "ಇದಕ್ಕೆ ಪೂರ್ತಿ ದುಡ್ಡು ಬೇರೆ ಕೊಡಬೇಕಾ?"

"ನಿಮ್ಮ ಗೋಡೆನೇ ಸೊಟ್ಟ ಇದೆ ಸಾಹುಕಾರ್ರೇ. ಪೈಪ್ ಏನ್ ಮಾಡುತ್ತೆ?" ಎಂದ ಅಪ್ಪ.

"ಗೋಡೆ ನಮ್ಮಪ್ಪ ಕಟ್ಟಿಸಿದ್ದು!"

"ಹಾಗಾದ್ರೆ ಬಿಲ್ ಅವರಿಗೇ ಕಳಿಸ್ಲಾ?"

ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ನಿಂತಿತು, ಯಾರೋ ಕಿಸಕ್ಕೆಂದು ನಕ್ಕರು. ಬಾಗಿಲಲ್ಲಿ ಇಣುಕಿದೆ. ನನ್ನದೇ ವಯಸ್ಸಿನವಳು, ಕೂದಲ ತುಂಬ ಹತ್ತಿಯ ಎಳೆ. ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಅವಳನ್ನು ನೋಡಿದ್ದು ಅಷ್ಟೇ.

ಒಂಬತ್ತು ದಿನದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಹತ್ತಿ ಗೋದಾಮಿನಲ್ಲಿ ಬೆಂಕಿ ಬಿತ್ತು. ಎಲ್ಲರೂ ಅಂಗಳದಲ್ಲಿ ಉಣ್ಣುತ್ತಿದ್ದರಂತೆ. ಅವಳೊಬ್ಬಳು ಬಾಗಿಲು ಮುಂದೆ ಮಾಡಿಕೊಂಡು, ಉಳಿದ ಎರಡು ದಿಂಬು ಹೊಲಿದು ಮುಗಿಸಲು ಕೂತಿದ್ದಳಂತೆ. ಮೆಷಿನ್ನಿನ ಸದ್ದಿನಲ್ಲಿ ಏನೂ ಗೊತ್ತಾಗಿಲ್ಲ. ಸುಟ್ಟು ಸತ್ತದ್ದಲ್ಲ, ಹೊಗೆ. ಬೆಂಕಿ ಆರಿಸುವವರು ಒಳಗೆ ಹೋದಾಗ ಪ್ಯಾನಲ್‌ನ ಕೆಂಪು ದೀಪ ಇನ್ನೂ ಮಿಟುಕುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ಡಬ್ಬಿ ತೆಗೆದುಕೊಂಡು ಹೊರಟ. ಆರು ಅಂಗಡಿಗೆ ಹೋಗಿ, ಯಾರಲ್ಲೂ ಬಾಕಿ ಕೇಳದೆ, ಆರು ಫ್ಯೂಸು ಹಾಕಿ ಬಂದ. ಏಳನೆಯದು ಡಬ್ಬಿಯಲ್ಲೇ ಉಳಿಯಿತು.

ಚಿಕ್ಕಪ್ಪ ವಿಮೆ ಏಜೆಂಟು. ನಮ್ಮ ಹೊಣೆಗಾರಿಕೆ ವಿಮೆ ಮಾಡಿಸಿದ್ದೂ ಅವನೇ. ಬಂದವನು ಚಪ್ಪಲಿ ಬಿಡುವ ಮುಂಚೆಯೇ ಮಾತು ಶುರು ಮಾಡಿದ.

"ಅಣ್ಣಾ, ಕೆಲಸದಲ್ಲಿ ತಪ್ಪಾಗಿ ಯಾರಿಗಾದರೂ ಏಟಾದ್ರೆ, ಜೀವ ಹೋದ್ರೆ, ವಿಮೆ ಕಟ್ಟಿಕೊಡುತ್ತೆ. ಮರೆವೂ ತಪ್ಪೇ. ಆದರೆ ಬೇಕು ಅಂತಲೇ ಮಾಡಿದ್ದಕ್ಕೆ ಒಂದು ಬಿಡಿಗಾಸೂ ಬರಲ್ಲ. ಅಂಗಡಿ ಹೋಗುತ್ತೆ, ಈ ಮನೆ ಹೋಗುತ್ತೆ. ಆ ಹುಡುಗಿ ತಾಯಿಗೂ ಏನೂ ಸಿಗಲ್ಲ. ಅರ್ಥ ಆಯ್ತಾ? ಮರೆತೆ ಅನ್ನು. ಮೂರಕ್ಷರ."

"ಇಪ್ಪತ್ತಾರು ವರ್ಷದಲ್ಲಿ ಒಂದು ಸ್ಕ್ರೂ ಮರೆತಿಲ್ಲ ಕಣೋ ನಾನು."

"ಮರೀಬೇಕಿತ್ತು," ಎಂದ ಚಿಕ್ಕಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಏನೇ ಕಥೆರಾಣಿ, ಆ ಡಬ್ಬಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ," ಎಂದ.

ವಿಮೆ ಕಂಪನಿಯ ಸರ್ವೇಯರ್ ಬಂದದ್ದು ಸೋಮವಾರ. ತಣ್ಣಗಿನ ಮನುಷ್ಯ. ಹೊಗೆ ಹಿಡಿದು ಕಪ್ಪಾದ ಪ್ಯಾನಲ್‌ನ ಫೋಟೋ ಮೇಜಿನ ಮೇಲಿಟ್ಟರು.

"ಫ್ಯೂಸಿನ ಜಾಗ ಖಾಲಿ. ಸಹಿಯ ದಿನ ಸೈರನ್ ಕೂಗಿದೆ ಅಂತ ಸಾಹುಕಾರರೇ ಒಪ್ತಾರೆ. ಆಮೇಲೆ ಏನಾಯ್ತು?"

ಅಪ್ಪ ಫೋಟೋ ನೋಡುತ್ತ ಕೂತ.

"ಮರೆತೆ," ಎಂದ.

"ಏನನ್ನ ಮರೆತ್ರಿ? ಕೂಗಿದ ಮೇಲೆ ಫ್ಯೂಸ್ ತೆಗೆಯೋ ಕೆಲಸ ಏನಿತ್ತು?"

ಅಪ್ಪ ಫೋಟೋವನ್ನು ಮಗುಚಿ ಇಟ್ಟ. ಆಗ ನಾನು ಮಾತಾಡಿದೆ. ಯಾರೂ ಕೇಳಿರಲಿಲ್ಲ. ಬ್ಯಾಟರಿಯ ವೈರು ಸಡಿಲ ಇತ್ತು ಸರ್, ಬಿಗಿ ಮಾಡೋಕೆ ಅಂತ ಫ್ಯೂಸ್ ತೆಗೆದರು, ಅಷ್ಟರಲ್ಲಿ ಸಾಹುಕಾರರು ಕೆಳಗಿನಿಂದ ಪೈಪು ಸೊಟ್ಟ ಅಂತ ಕೂಗಾಡಿದರು, ಅಪ್ಪ ಏಣಿ ಇಳಿದು ಬಂದರು, ಜಗಳದ ಬಿಸಿಯಲ್ಲಿ ಹಾಗೇ ಮುಚ್ಚಳ ಹಾಕಿಬಿಟ್ಟರು. ಹೇಳುತ್ತ ಹೋದ ಹಾಗೆ ಅದಕ್ಕೆ ಕೈಕಾಲು ಮೂಡಿದವು. ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತಿತ್ತು ಎಂದೂ ಸೇರಿಸಿದೆ. ಅಜ್ಜಿ ಇದ್ದಿದ್ದರೆ ಹೂಂಗುಟ್ಟುತ್ತಿದ್ದಳು. ಸರ್ವೇಯರ್ ಎಲ್ಲವನ್ನೂ ಬರೆದುಕೊಂಡರು.

ಎರಡೂವರೆ ತಿಂಗಳಿಗೆ ವಿಮೆಯ ಹಣ ಮಂಜೂರಾಯಿತು. ಅದಾದ ವಾರಕ್ಕೆ ಹೊಲಿಗೆಯವಳ ತಾಯಿ ನಮ್ಮ ಅಂಗಡಿಗೆ ಬಂದಳು. ಸಣ್ಣ ಆಳು. ಕುರ್ಚಿಯ ತುದಿಯಲ್ಲಿ ಕೂತಳು.

"ಮರೆತುಹೋಯ್ತಂತೆ ನಿಮಗೆ," ಎಂದಳು ಅಪ್ಪನಿಗೆ. "ಇರಲಿ ಬಿಡಪ್ಪ. ನನ್ನ ಮಗಳೂ ಮರೆಗುಳಿನೇ. ಬುತ್ತಿ ಮರೆತು ಹೋಗೋಳು, ಬೀಗದ ಕೈ ಮರೆತು ಬರೋಳು. ಮರೆತವರ ಮೇಲೆ ಏನಂತ ಸಿಟ್ಟು ಮಾಡೋದು?"

ಆಕೆ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ಒಲೆ ಹಚ್ಚೋಕೂ ಭಯ ಆಗುತ್ತೆ ಈಗ. ನನ್ನ ಕೋಣೆಗೂ ಒಂದು ಹಾಕಿಕೊಡಿ. ಪೂರ್ತಿ ದುಡ್ಡು ಇದೆ, ಎಣಿಸಿಕೊಳ್ಳಿ."

"ದುಡ್ಡು ಬೇಡಮ್ಮ."

"ತಗೋಪ್ಪ. ಸಾಲ ಇಟ್ಕೊಂಡು ನಿದ್ದೆ ಬರಲ್ಲ ನನಗೆ."

ಮಾರನೇ ದಿನ ಬೆಳಿಗ್ಗೆ ಹೋದೆವು. ಒಂದೇ ಕೋಣೆ, ಒಂದು ಮಂಚ, ಅದರ ಮೇಲೆ ಎರಡು ದಿಂಬು. ಅಪ್ಪ ಏಣಿ ಹತ್ತಿ ಚಿಕ್ಕ ಪ್ಯಾನಲ್ ಕೂರಿಸಿದ. ಪೆಟ್ಟಿಗೆಯಲ್ಲಿ ಬಂದ ಹೊಸ ಫ್ಯೂಸನ್ನು ನಾನು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಅಂಗಿಯ ಜೇಬಿನಿಂದ ಚೀಟಿ ಸುತ್ತಿದ ಫ್ಯೂಸ್ ತೆಗೆದು, ಚೀಟಿ ಬಿಚ್ಚಿ, ಅದನ್ನೇ ಹಾಕಿದ. ಆ ಏಳನೆಯದು. ಗುಂಡಿ ಒತ್ತಿದ.

ಆ ಪುಟ್ಟ ಕೋಣೆಯಲ್ಲಿ ಸೈರನ್ ಕಿವಿ ಹರಿದುಹೋಗುವಂತೆ ಕೂಗಿತು. ಪಕ್ಕದ ಮನೆಯವರು ಹೊರಗೆ ಓಡಿ ಬಂದರು. ಆಕೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಮೇಲೆ ಕುಸಿದಳು. ಅಪ್ಪ ನಿಲ್ಲಿಸಿದ.

"ಇಷ್ಟು ಜೋರಾ?" ಎಂದಳು ಆಕೆ. "ಹಾಗಿದ್ರೆ ಅವಳಿಗೆ ಕೇಳಿಸ್ತಿತ್ತು. ಮೆಷಿನ್ ಓಡ್ತಿದ್ರೂ ಕೇಳಿಸ್ತಿತ್ತು."

ಏಣಿಯ ಕೆಳಗೆ ಬಿದ್ದಿದ್ದ ಚೀಟಿಯನ್ನು ಎತ್ತಿಕೊಂಡು ನನ್ನ ಕೈಗೆ ಕೊಟ್ಟಳು. "ನನಗೆ ಓದೋಕೆ ಬರಲ್ಲ. ಏನೋ ಬರೆದಿದೆ, ಬೇಕಾದದ್ದೇನೋ ನೋಡು ಮಗಳೇ."

ನನ್ನದೇ ಅಕ್ಷರ. ಸರ್ವೇಯರಿಗೆ ಅಷ್ಟು ಸಲೀಸಾಗಿ ಕಥೆ ಹೆಣೆದ ಬಾಯಿಗೆ ಆಗ ಒಂದು ಸುಳ್ಳೂ ಬರಲಿಲ್ಲ. ಏಣಿಯ ಮೇಲಿಂದ ಅಪ್ಪ, "ಓದು," ಎಂದ.

"ಹಾಸಿಗೆ ಕಾರ್ಖಾನೆ," ಎಂದು ಓದಿದೆ. "ಕೊನೇ ಕಂತು ಬಂದ ಮೇಲೆ ಹಾಕುವುದು."

ಆಕೆ ಇನ್ನೊಂದು ಸಲ ಓದಿಸಿದಳು. ಆಮೇಲೆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಮಗಳ ದಿಂಬಿನ ಕೆಳಗೆ ಇಟ್ಟಳು.

ಅಪ್ಪ ಏಣಿ ಇಳಿದು ಕೈಮುಗಿಯಲು ಹೋದ. ಆಕೆ ಅವನನ್ನು ನೋಡಲಿಲ್ಲ. ಗೋಡೆಯ ಹಸಿರು ದೀಪ ನೋಡುತ್ತ ಹೇಳಿದಳು:

"ಅದು ಅಲ್ಲೇ ಇರಲಿ. ನೀವು ಹೋಗಿ."